ಹೊಸ ನೈಟ್ರೋ ಇಂಜಿನ್ ಯಾಕಿಷ್ಟು ಬಿಗಿ? ಒಂದು ಹಿತ್ತಾಳೆ ಸ್ಲೀವ್‌ನ ಹಿಸ್ಟರಿ

1/7

ಆರ್‌ಸಿ ಕಾರಿನ ಹೊಸ ನೈಟ್ರೋ ಇಂಜಿನ್ ಬಾಕ್ಸ್‌ನಿಂದ ತೆಗೆದು ಫ್ಲೈವೀಲನ್ನ ಕೈಯಲ್ಲಿ ತಿರುಗಿಸಿ ನೋಡಿ. ಅರ್ಧ ಸುತ್ತು ಬೆಣ್ಣೆ ಥರ ಬರುತ್ತೆ. ಪಿಸ್ಟನ್ ಮೇಲಕ್ಕೆ ಹೋಗ್ತಾ ಹೋಗ್ತಾ ಗಟ್ಟಿಯಾಗುತ್ತೆ. ತುತ್ತತುದಿಗೆ ಬಂದಾಗ ಕಚ್ಚಿಕೊಂಡು ನಿಂತೇ ಬಿಡುತ್ತೆ. ಹೆಬ್ಬೆರಳು ಕೆಂಪಾಗುತ್ತೆ, ಅದು ಮಾತ್ರ ಜಪ್ಪಯ್ಯ ಅನ್ನಲ್ಲ.

ತಿಂಗಳುಗಟ್ಟಲೆ ಪಾಕೆಟ್ ಮನಿ ಕೂಡಿಟ್ಟು ತಂದ ಇಂಜಿನ್ ಹೀಗೆ ಕೂತರೆ ಎದೆ ಧಸಕ್ ಅನ್ನೋದು ಸಹಜ. ಆಮೇಲೆ ಶುರುವಾಗುತ್ತೆ ಸಲಹೆಗಳ ಮಳೆ. ಒಬ್ಬ ಪ್ಲೈಯರ್ ಹಾಕಿ ತಿರುಗಿಸು ಅಂತಾನೆ. ಇನ್ನೊಬ್ಬ ಡ್ರಿಲ್ ಮೆಷಿನ್‌ಗೆ ಕಟ್ಟಿ ಒಂದು ಗಂಟೆ ಓಡಿಸು, ಸವೆದು ಸಡಿಲ ಆಗುತ್ತೆ ಅಂತಾನೆ. ಮೂರನೆಯವನು ಸ್ವಲ್ಪ ಮರ್ಯಾದಸ್ಥ: ಐದು ಟ್ಯಾಂಕ್ ಇಂಧನ ಬರೀ ಐಡಲ್‌ನಲ್ಲಿ ಓಡಿಸು, ತಣ್ಣಗಿಡು, ಅಷ್ಟೇ ಅಂತಾನೆ.

ಮೊದಲಿನ ಎರಡು ಸಲಹೆ ಬರೀ ಒರಟುತನ. ಆದರೆ ಮೂರನೆಯದು ಹಾಗಲ್ಲ, ಅದಕ್ಕೊಂದು ಇತಿಹಾಸ ಇದೆ. ಅದು ಒಂದು ಕಾಲದಲ್ಲಿ ನೂರಕ್ಕೆ ನೂರು ಸರಿಯಾಗಿತ್ತು. ನಂತರ ಇಂಜಿನ್ ಬದಲಾಯ್ತು, ಸಲಹೆ ಬದಲಾಗಲಿಲ್ಲ. ಈ ಸರಣಿ ಪೂರ್ತಿ ಅದರ ಬಗ್ಗೆನೇ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಳ್ಳಿ.

2/7

ಮೊದಲು ಬೆಂಕಿ ಎಲ್ಲಿಂದ ಬಂತು ನೋಡೋಣ.

1930ರ ದಶಕದಲ್ಲಿ ಫಿಲಡೆಲ್ಫಿಯಾದ ಬಿಲ್ ಬ್ರೌನ್ ಅನ್ನೋ ಹುಡುಗ ಮಾಡೆಲ್ ವಿಮಾನಕ್ಕೆ ಅಂತ ಒಂದು ಪುಟ್ಟ ಪೆಟ್ರೋಲ್ ಇಂಜಿನ್ ಮಾಡಿದ. ಸುಮಾರು 10 ಸಿಸಿ. 1933ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಇದೇ ಇಂಜಿನ್ ಕಟ್ಟಿದ ವಿಮಾನ ಹಾರಿಸಿ, ರಬ್ಬರ್ ಬ್ಯಾಂಡ್ ತಿರುಚಿ ಹಾರಿಸ್ತಿದ್ದವರನ್ನೆಲ್ಲ ಹಿಂದೆ ಹಾಕಿಬಿಟ್ಟ. ಬ್ರೌನ್ ಜೂನಿಯರ್ ಅನ್ನೋ ಹೆಸರಲ್ಲಿ ಆ ಇಂಜಿನ್ ಅಂಗಡಿಗೂ ಬಂತು.

ಆದರೆ ಅದಕ್ಕೆ ದೊಡ್ಡ ಬೈಕಿನ ಹಾಗೆ ಸ್ಪಾರ್ಕ್ ಪ್ಲಗ್ ಬೇಕು. ಸ್ಪಾರ್ಕ್ ಬರಬೇಕು ಅಂದ್ರೆ ಇಗ್ನಿಷನ್ ಕಾಯಿಲ್, ಕಂಡೆನ್ಸರ್, ಪಾಯಿಂಟ್, ಬ್ಯಾಟರಿ. ಇಷ್ಟೆಲ್ಲ ಸೇರಿದರೆ ಹೆಚ್ಚುಕಡಿಮೆ ಇಂಜಿನ್‌ನಷ್ಟೇ ಭಾರ. ಮದುವೆ ಗಂಡಿಗಿಂತ ದಿಬ್ಬಣದ ಲಗೇಜೇ ಜಾಸ್ತಿ ಅನ್ನೋ ಹಾಗೆ.

ಇದನ್ನ ಬಿಡಿಸಿದ್ದು 1947ರಲ್ಲಿ ನ್ಯೂಯಾರ್ಕ್‌ನ ರೇ ಆರ್ಡೆನ್. ಅವರು ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್‌ನಲ್ಲಿ ಇದ್ದದ್ದು ಪ್ಲಾಟಿನಂ ಸೇರಿದ ತಂತಿಯ ಒಂದು ಚಿಕ್ಕ ಸುರುಳಿ, ಅಷ್ಟೇ. ಶುರು ಮಾಡುವಾಗ ಒಂದೂವರೆ ವೋಲ್ಟ್‌ನ ಸೆಲ್ ಹಿಡಿದರೆ ಸುರುಳಿ ಕೆಂಪಗೆ ಕಾಯುತ್ತೆ. ಇಂಜಿನ್ ಹತ್ತಿಕೊಂಡ ಮೇಲೆ ಸೆಲ್ ತೆಗೆದುಬಿಡಬಹುದು, ಸುರುಳಿ ತಾನೇ ಕೆಂಪಗಿರುತ್ತೆ. ಯಾಕಂದ್ರೆ ಬಿಸಿ ಪ್ಲಾಟಿನಂ ಮೇಲೆ ಮೆಥನಾಲ್ ಆವಿ ಗಾಳಿ ಜೊತೆ ಸೇರಿ ಜ್ವಾಲೆ ಇಲ್ಲದೇನೇ ಉರಿಯುತ್ತೆ. ಕೆಮಿಸ್ಟ್ರಿಯಲ್ಲಿ ಓದಿದ ಕ್ಯಾಟಲಿಸ್ಟ್, ಅದೇ ಇದು. ಪ್ಲಾಟಿನಂನ ಈ ಗುಣವನ್ನ ಹಂಫ್ರಿ ಡೇವಿ 1817ರಲ್ಲೇ ಗಮನಿಸಿ ಬರೆದಿದ್ದರು, ಗಣಿ ಕಾರ್ಮಿಕರ ಸುರಕ್ಷಾ ದೀಪದ ಕೆಲಸ ಮಾಡುವಾಗ. ಗಣಿಯ ದೀಪದಿಂದ ಆಟಿಕೆ ಇಂಜಿನ್‌ಗೆ ಬರೋಕೆ 130 ವರ್ಷ ಹಿಡೀತು!

ಇಲ್ಲಿ ಒಂದು ವಿಷಯ ನೆನಪಿಡಿ. ಗ್ಲೋ ಇಂಜಿನ್‌ನಲ್ಲಿ ಕಿಡಿ ಹಾರಿಸುವ ಟೈಮಿಂಗ್ ಅಂತ ಪ್ರತ್ಯೇಕವಾಗಿ ಏನೂ ಇಲ್ಲ. ಯಾವಾಗ ಬೆಂಕಿ ಹತ್ತಬೇಕು ಅನ್ನೋದನ್ನ ಕಂಪ್ರೆಷನ್, ಶಾಖ ಮತ್ತು ಇಂಧನ ಮೂರೇ ಸೇರಿ ನಿರ್ಧರಿಸ್ತವೆ. ಅಂದ್ರೆ ಪಿಸ್ಟನ್ ಮೇಲೆ ಬಂದಾಗ ಗಾಳಿ ಸೋರಿದರೆ ಶಕ್ತಿ ಕಮ್ಮಿಯಾಗೋದು ಮಾತ್ರ ಅಲ್ಲ, ಇಂಜಿನ್ ಹತ್ತಿಕೊಳ್ಳೋದೇ ಇಲ್ಲ. ಮೇಲಿನ ಆ ಬಿಗಿ ಇರೋದು ಇದಕ್ಕೆ.

3/7

ಆ ಕಾಲದ ಇಂಜಿನ್ ಹೇಗಿತ್ತು? ಉಕ್ಕಿನ ಸ್ಲೀವ್, ಅದರೊಳಗೆ ಎರಕದ ಕಬ್ಬಿಣದ ಪಿಸ್ಟನ್. ಪಿಸ್ಟನ್‌ಗೆ ರಿಂಗ್ ಇಲ್ಲ. ಎರಡನ್ನೂ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಸಿರ್ತಿದ್ರು. ಎಷ್ಟೇ ನುಣುಪು ಮಾಡಿದ್ರೂ ಲೋಹದ ಮೈಮೇಲೆ ಕಣ್ಣಿಗೆ ಕಾಣದ ಗುಡ್ಡ ಕಣಿವೆ ಇರುತ್ತೆ. ಮೊದಲ ಕೆಲವು ಗಂಟೆಗಳಲ್ಲಿ ಆ ಗುಡ್ಡಗಳು ಒಂದನ್ನೊಂದು ಸವೆಸಿ ಸಮ ಮಾಡಿಕೊಳ್ಳಬೇಕು. ಕಬ್ಬಿಣ ಮತ್ತು ಉಕ್ಕು ಶಾಖಕ್ಕೆ ಹಿಗ್ಗೋದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಆದರೆ ಪಿಸ್ಟನ್ ಯಾವತ್ತೂ ಸ್ಲೀವ್‌ಗಿಂತ ಬಿಸಿ ಇರುತ್ತೆ, ಹಾಗಾಗಿ ಅದೇ ಜಾಸ್ತಿ ಹಿಗ್ಗುತ್ತೆ. ಹೊಸತರಲ್ಲಿ ಬಿಸಿ ಏರಿದರೆ ಪಿಸ್ಟನ್ ಸ್ಲೀವ್‌ನೊಳಗೆ ಕಚ್ಚಿ ಹಿಡಿದು ಕಥೆ ಮುಗೀತಿತ್ತು.

ಅದಕ್ಕೇ ಆಗಿನ ಬ್ರೇಕ್-ಇನ್ ವಿಧಾನ ಹಾಗಿತ್ತು: ಮಿಶ್ರಣ ರಿಚ್ ಇಡು, ಅಂದ್ರೆ ಗಾಳಿಗಿಂತ ಇಂಧನ ಜಾಸ್ತಿ. ಹೆಚ್ಚು ಇಂಧನದ ಜೊತೆ ಹೆಚ್ಚು ಎಣ್ಣೆ ಬರುತ್ತೆ, ಮೆಥನಾಲ್ ಆವಿಯಾಗ್ತಾ ಇಂಜಿನ್ನನ್ನ ತಂಪು ಮಾಡುತ್ತೆ. ನಿಧಾನ ಓಡಿಸು, ನಿಲ್ಲಿಸು, ಆರಿಸು, ಮತ್ತೆ ಓಡಿಸು. ತಣ್ಣಗಿದ್ದಷ್ಟೂ ಒಳ್ಳೇದು.

ಇದು ಮಾಡೆಲ್‌ನವರಿಗೆ ಮಾತ್ರ ಗೊತ್ತಿದ್ದ ಗುಟ್ಟೇನೂ ಅಲ್ಲ. ಹೊಸ ಕಾರು ತಗೊಂಡವರು ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಅಂತ ಚೀಟಿ ಅಂಟಿಸಿಕೊಂಡು ಮೆಲ್ಲಗೆ ಹೋಗ್ತಿದ್ದ ಕಾಲ ಅದು. ನಮ್ಮ ಮೈಸೂರಲ್ಲೇ 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ಟೂ-ಸ್ಟ್ರೋಕ್ ಬೈಕ್ ಮಾಡ್ತಿತ್ತು, ಮೊದಲು ಜಾವಾ, ಆಮೇಲೆ ಯೆಜ್ಡಿ. ಪೆಟ್ರೋಲ್‌ಗೆ ಎಣ್ಣೆ ಬೆರೆಸಿ ಹಾಕಿದ, ಹೊಸ ಬೈಕನ್ನ ಮೆಲ್ಲಗೆ ಪಳಗಿಸಿದ ತಲೆಮಾರು ನಿಮ್ಮ ಮನೇಲೂ ಇರಬಹುದು, ಅಜ್ಜನ್ನೋ ದೊಡ್ಡಪ್ಪನ್ನೋ ಕೇಳಿ ನೋಡಿ. ಸಡಿಲ ಆಗೋ ತನಕ ತಾಳ್ಮೆಯಿಂದ ಓಡಿಸು, ಹೊಸ ಚಪ್ಪಲಿ ಕಚ್ಚುತ್ತೆ, ಹಾಕ್ತಾ ಹಾಕ್ತಾ ಸರಿಹೋಗುತ್ತೆ ಅಂತ ಅವರು ಹೇಳೋದು ಈ ಕಬ್ಬಿಣದ ಕಾಲದ ಅನುಭವದಿಂದ. ಆ ಇಂಜಿನ್‌ಗೆ ಚಪ್ಪಲಿ ಹೋಲಿಕೆ ಸರಿಯಾಗೇ ಇದೆ.

4/7

ನಡುವೆ ಎಣ್ಣೆ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಅದು ಹರಳೆಣ್ಣೆ. ಹೌದು, ಚಿಕ್ಕವರಿದ್ದಾಗ ಹೊಟ್ಟೆ ಕ್ಲೀನ್ ಆಗ್ಲಿ ಅಂತ ಮೂಗು ಹಿಡಿದು ಕುಡಿಸ್ತಿದ್ದರಲ್ಲ, ಅದೇ. ಔಡಲ ಬೀಜದ್ದು.

ಮೊದಲ ಮಹಾಯುದ್ಧದ ವಿಮಾನಗಳಲ್ಲಿ ನೋಮ್, ಲ ರೋನ್ ಥರದ ರೋಟರಿ ಇಂಜಿನ್‌ಗಳಿದ್ವು. ಇಡೀ ಇಂಜಿನ್ನೇ ಪ್ರೊಪೆಲರ್ ಜೊತೆ ಗಿರಗಿರ ತಿರುಗ್ತಿತ್ತು. ಅದರೊಳಗೆ ಪೆಟ್ರೋಲ್ ಜೊತೆ ಸೇರಿ ತೆಳ್ಳಗಾಗದ ಎಣ್ಣೆ ಬೇಕಿತ್ತು. ಹರಳೆಣ್ಣೆ ಪೆಟ್ರೋಲ್‌ನಲ್ಲಿ ಸುಲಭವಾಗಿ ಕರಗಲ್ಲ, ಹಾಗಾಗಿ ಅದೇ ಗತಿ. ಒಮ್ಮೆ ಒಳಗೆ ಹೋದ ಎಣ್ಣೆ ವಾಪಸ್ ಬರಲ್ಲ, ಹೊಗೆ ಜೊತೆ ಪೈಲಟ್ ಮುಖಕ್ಕೇ ಬಂದು ಹೊಡೆಯುತ್ತೆ. ಅದನ್ನ ನುಂಗಿ ನುಂಗಿ ಪೈಲಟ್‌ಗಳ ಹೊಟ್ಟೆ ಕೆಡ್ತಿತ್ತು ಅಂತ ಹೇಳ್ತಾರೆ. ನಂಬೋಕೆ ಕಷ್ಟ ಏನಿಲ್ಲ ಬಿಡಿ. ಕ್ಯಾಸ್ಟ್ರಾಲ್ ಅನ್ನೋ ಹೆಸರು ಕೂಡ ಕ್ಯಾಸ್ಟರ್‌ನಿಂದಲೇ ಬಂದಿದ್ದು.

ಮಾಡೆಲ್ ಇಂಜಿನ್‌ಗೂ ಇದೇ ಎಣ್ಣೆ ಬಂತು. ಹರಳೆಣ್ಣೆ ಪೆಟ್ರೋಲ್‌ನಲ್ಲಿ ಕರಗದಿದ್ರೂ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತೆ. ಸಿಂಥೆಟಿಕ್ ಎಣ್ಣೆ ಸ್ವಚ್ಛವಾಗಿರುತ್ತೆ ನಿಜ, ಆದರೆ ಅತಿಯಾಗಿ ಕಾದಾಗ ಕೈಕೊಡುತ್ತೆ. ಹರಳೆಣ್ಣೆ ಕಾದರೆ ಇನ್ನೂ ಗಟ್ಟಿಯಾಗಿ ಲೋಹಕ್ಕೆ ಅಂಟಿಕೊಳ್ಳುತ್ತೆ, ಕಂದು ಬಣ್ಣದ ವಾರ್ನಿಷ್ ಥರ. ಒರೆಸೋದು ತಲೆನೋವು, ಆದ್ರೂ ಮಿಶ್ರಣ ತಪ್ಪಿ ಲೀನ್ ಆದ ಆ ಕೆಲವು ಸೆಕೆಂಡ್‌ನಲ್ಲಿ ಇಂಜಿನ್ ಉಳಿಸೋದು ಅದೇ. ಇವತ್ತಿಗೂ ಒಳ್ಳೆ ನೈಟ್ರೋ ಇಂಧನಗಳಲ್ಲಿ ಸ್ವಲ್ಪ ಹರಳೆಣ್ಣೆ ಇದ್ದೇ ಇರುತ್ತೆ.

5/7

ಈಗ ಮುಖ್ಯ ತಿರುವು.

1950–60ರ ದಶಕದಲ್ಲಿ ಕಂಟ್ರೋಲ್-ಲೈನ್ ಸ್ಪೀಡ್ ಅನ್ನೋ ಸ್ಪರ್ಧೆ ಜೋರಾಗಿತ್ತು. ವಿಮಾನಕ್ಕೆ ತಂತಿ ಕಟ್ಟಿ ಮಧ್ಯದಲ್ಲಿ ನಿಂತವನ ಸುತ್ತ ಹಾರಿಸೋದು. ಇಂಜಿನ್ ಬರೀ 2.5 ಸಿಸಿ, ವೇಗ ಮಾತ್ರ ಗಂಟೆಗೆ 200 ಕಿ.ಮೀ. ದಾಟ್ತಿತ್ತು. ಈ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮದಲ್ಲಿ ಇವತ್ತಿಗೂ ಎಲ್ಲರಿಗೂ ಒಂದೇ ಇಂಧನ: 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ. ನೈಟ್ರೋಮೀಥೇನ್ ಒಂದು ಹನಿಯೂ ಇಲ್ಲ. ಇಂಧನದಲ್ಲಿ ಮೋಡಿ ಮಾಡೋಕೆ ಆಗಲ್ಲ ಅಂದಮೇಲೆ ಉಳಿದದ್ದು ಲೋಹ ಮತ್ತು ಹೊಗೆ ಕೊಳವೆ.

ಅಮೆರಿಕದ ಬಿಲ್ ವಿಸ್ನೀವ್ಸ್ಕಿ ಕೈ ಹಾಕಿದ್ದು ಇವೆರಡಕ್ಕೂ. ಕ್ಯಾಲಿಫೋರ್ನಿಯಾದ ಕೆ ಅಂಡ್ ಬಿ ಕಂಪನಿಯ ಜೊತೆ ಕೆಲಸ ಮಾಡ್ತಿದ್ದ ಅವರು 1964ರಲ್ಲಿ ಸ್ಪೀಡ್ ವಿಭಾಗದ ವಿಶ್ವ ಚಾಂಪಿಯನ್. ಟ್ಯೂನ್ಡ್ ಪೈಪನ್ನ ಈ ಪುಟ್ಟ ಇಂಜಿನ್‌ಗಳಿಗೆ ತಂದ ಹೆಸರು ಅವರದ್ದು. ನಮ್ಮ ಕಥೆಗೆ ಬೇಕಾದ ಎಬಿಸಿ ಕೂಡ ಅದೇ ದಶಕದಲ್ಲಿ ಅವರ ಕೈಯಿಂದ ಬಂದದ್ದು ಅಂತಲೇ ಹವ್ಯಾಸಿಗಳ ಲೋಕ ಒಪ್ಪುತ್ತೆ.

ಎಬಿಸಿ ಅಂದ್ರೆ ಅಲ್ಯೂಮಿನಿಯಂ, ಬ್ರಾಸ್, ಕ್ರೋಮ್. ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಸ್ಲೀವ್, ಸ್ಲೀವ್ ಒಳಗೆ ಗಟ್ಟಿ ಕ್ರೋಮ್ ಲೇಪನ.

ಹಿತ್ತಾಳೆ ಯಾಕೆ? ದೇವರ ಮನೆ ದೀಪಕ್ಕೆ ಹಾಕೋ ಮೆತ್ತನೆ ಲೋಹ, ನಿಮಿಷಕ್ಕೆ 30,000 ಸುತ್ತು ತಿರುಗೋ ಇಂಜಿನ್‌ಗೆ ಏನು ಕೆಲಸ? ಲೆಕ್ಕ ಮಾಡಿದ್ರೆ ಗೊತ್ತಾಗುತ್ತೆ, ಮೆಕ್ಯಾನಿಕಲ್‌ನವರು ಪೆನ್ ತಗೊಳ್ಳಿ. 16 ಮಿ.ಮೀ. ವ್ಯಾಸ, 100 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದೆ ಅಂದ್ಕೊಳ್ಳಿ. ಉಕ್ಕಿನ ಸ್ಲೀವ್ ಹಿಗ್ಗೋದು ಸುಮಾರು 18 ಮೈಕ್ರಾನ್. ಹಿತ್ತಾಳೆ ಹಿಗ್ಗೋದು ಸುಮಾರು 30. ಸಾಧಾರಣ ಅಲ್ಯೂಮಿನಿಯಂ ಪಿಸ್ಟನ್ ಆದ್ರೆ 37, ಸಿಲಿಕಾನ್ ಜಾಸ್ತಿ ಬೆರೆಸಿದ ಅಲ್ಯೂಮಿನಿಯಂ ಆದ್ರೆ 28ರ ಆಸುಪಾಸು. ತಲೆಕೂದಲ ದಪ್ಪ ಸುಮಾರು 70 ಮೈಕ್ರಾನ್, ಅಂದ್ರೆ ನಾವು ಮಾತಾಡ್ತಿರೋದು ಅರ್ಧ ಕೂದಲಿನೊಳಗಿನ ಜಗಳ.

ಉಕ್ಕಿನ ಸ್ಲೀವ್‌ನಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಹಾಕಿದ್ರೆ ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳುತ್ತೆ. ಸಡಿಲ ಬಿಟ್ಟು ರಿಂಗ್ ಹಾಕಬೇಕು, ಆದರೆ ಅಷ್ಟು ವೇಗದಲ್ಲಿ ರಿಂಗ್ ನಡುಗಿ ಹಿಡಿತ ತಪ್ಪುತ್ತೆ. ಕಬ್ಬಿಣದ ಪಿಸ್ಟನ್ ಭಾರ. ಹಿತ್ತಾಳೆ ಮತ್ತು ಸಿಲಿಕಾನ್ ಅಲ್ಯೂಮಿನಿಯಂ ಜೋಡಿ ಮಾತ್ರ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತೆ. ಹಿತ್ತಾಳೆ ಮೆತ್ತಗೆ ಅನ್ನೋ ಸಮಸ್ಯೆಯನ್ನ ಕ್ರೋಮ್ ನೋಡಿಕೊಳ್ಳುತ್ತೆ.

ಇನ್ನೊಂದು ಜಾಣತನ ಇದೆ, ನನಗೆ ಇಡೀ ಇಂಜಿನ್‌ನಲ್ಲಿ ತುಂಬಾ ಇಷ್ಟವಾಗೋದು ಇದೇ. ಬೆಂಕಿ ಹತ್ತೋದು ಮೇಲೆ. ಸ್ಲೀವ್‌ನ ಮೇಲ್ಭಾಗ ಕೆಳಭಾಗಕ್ಕಿಂತ ಹೆಚ್ಚು ಕಾಯುತ್ತೆ, ಹೆಚ್ಚು ಹಿಗ್ಗುತ್ತೆ. ತಣ್ಣಗಿದ್ದಾಗ ಕೊಳವೆ ನೇರವಾಗಿದ್ದರೆ ಬಿಸಿಯಾದಾಗ ಮೇಲೆ ಅಗಲವಾಗಿ ಗಾಳಿ ಸೋರುತ್ತೆ. ಹಾಗಾಗಿ ತಯಾರಿಸುವಾಗಲೇ ಮೇಲ್ಭಾಗವನ್ನ ಒಂದಿಷ್ಟು ಕಿರಿದು ಮಾಡಿರ್ತಾರೆ. ಬಿಸಿಯಾದಾಗ ಅದು ನೇರವಾಗುತ್ತೆ. ಹವ್ಯಾಸಿಗಳು ಇದನ್ನ ಪಿಂಚ್ ಅಂತಾರೆ.

ಅಂದ್ರೆ ನಿಮ್ಮ ಹೆಬ್ಬೆರಳನ್ನ ಕೆಂಪು ಮಾಡಿದ್ದು ದೋಷ ಅಲ್ಲ, ಅಳತೆ. ಕೋಣೆಯ ತಾಪಮಾನದಲ್ಲಿ ಆ ಇಂಜಿನ್ ಇನ್ನೂ ತನ್ನ ಆಕಾರಕ್ಕೇ ಬಂದಿಲ್ಲ. ಚಪ್ಪಲಿ ಹೋಲಿಕೆ ಇಲ್ಲಿ ಕೆಲಸಕ್ಕೆ ಬರಲ್ಲ. ಅಡುಗೆ ಮನೇಲಿ ಎರಡು ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಹಾಕ್ಕೊಂಡಾಗ ಅಮ್ಮ ಹೊರಗಿನ ಲೋಟನ ಬಿಸಿನೀರಲ್ಲಿ ಇಡ್ತಾರಲ್ಲ, ಅದು ಸರಿಯಾದ ಹೋಲಿಕೆ. ಲೋಟನ ಯಾರೂ ಉಜ್ಜಿ ಸವೆಸಿ ಬಿಡಿಸಲ್ಲ.

ಈಗ ಐದು ಟ್ಯಾಂಕ್ ತಣ್ಣಗೆ ಐಡಲ್ ಮಾಡು ಅನ್ನೋ ಸಲಹೆಯನ್ನ ಈ ಇಂಜಿನ್‌ಗೆ ಹಾಕಿ ನೋಡಿ. ಸ್ಲೀವ್ ಹಿಗ್ಗಿಲ್ಲ. ಐಡಲ್‌ನಲ್ಲೂ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಆ ಕಿರಿದಾದ ಜಾಗಕ್ಕೆ ಗುದ್ದಿ ನುಗ್ಗುತ್ತೆ. ಪ್ರತಿ ಸಲ ಪಿಸ್ಟನ್ ಅಂಚು ಒಂಚೂರು ಸವೆಯುತ್ತೆ, ಕನೆಕ್ಟಿಂಗ್ ರಾಡ್ ಒಂಚೂರು ಎಳೆದಾಡುತ್ತೆ. ಐದು ಟ್ಯಾಂಕ್ ಮುಗಿಯೋಷ್ಟರಲ್ಲಿ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತೆ, ನೀವು ಖುಷಿ ಪಡ್ತೀರಿ. ಹೊರಟುಹೋಗಿದ್ದು ಬಿಗಿ ಅಲ್ಲ, ಇಂಜಿನ್‌ನ ಆಯಸ್ಸು. ಆಮೇಲೆ ಬಿಸಿಯಾದ ತಕ್ಷಣ ಕಂಪ್ರೆಷನ್ ಸೋರಿ ಆಫ್ ಆಗೋದು ಶುರು. ದುಡ್ಡು ಹೋಯ್ತು, ಜೊತೆಗೆ ‘ಈ ಕಂಪನಿ ಇಂಜಿನ್ ಡಬ್ಬಾ’ ಅನ್ನೋ ತೀರ್ಪು ಬೇರೆ.

6/7

ಕಾರಿನವರ ಕಥೆ ಇನ್ನೊಂದು ಸುತ್ತು ಗೋಜಲು.

1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಸೋಸಿಯೇಟೆಡ್, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಾರ್ಡೇವ್ ಥರದ ಸಣ್ಣ ಕಂಪನಿಗಳು ಇಂಜಿನ್ ಇರೋ ರೇಡಿಯೋ ಕಾರು ಮಾರೋಕೆ ಶುರು ಮಾಡಿದ್ವು. ನಿಜ ಕಾರಿನ ಎಂಟನೇ ಒಂದು ಅಳತೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಈ ಅಳತೆಯ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೂ ನಡೀತು. ಕಾರು ಹೊಸತು, ಇಂಜಿನ್ ಮಾತ್ರ ವಿಮಾನದ್ದೇ. ತಲೆಗೆ ದೊಡ್ಡ ಹೀಟ್ ಸಿಂಕ್ ಕೂರಿಸಿ, ಪ್ರೊಪೆಲರ್ ಜಾಗಕ್ಕೆ ಫ್ಲೈವೀಲ್, ಕ್ಲಚ್ ಹಾಕಿದ್ರು. ಇಂಜಿನ್ ಜೊತೆ ಬ್ರೇಕ್-ಇನ್ ಜ್ಞಾನವೂ ವಿಮಾನದವರಿಂದಲೇ ಬಂತು.

ವಿಮಾನದವರು ಇಂಜಿನ್ನನ್ನ ಬೆಂಚಿಗೆ ಬಿಗಿದು, ಪ್ರೊಪೆಲರ್ ಹಾಕಿ ಓಡಿಸಿ ಪಳಗಿಸ್ತಾರೆ. ಪ್ರೊಪೆಲರ್ ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತೆ: ಇಂಜಿನ್‌ಗೆ ಭಾರ ಕೊಡುತ್ತೆ, ಗಾಳಿ ಬೀಸುತ್ತೆ. ಕಾರಿನ ಇಂಜಿನ್ನನ್ನ ಅದೇ ಥರ ಡಬ್ಬದ ಮೇಲೆ ಚಕ್ರ ಎತ್ತಿಟ್ಟು ಓಡಿಸಿದ್ರೆ ಭಾರವೇ ಇಲ್ಲ. ಐಡಲ್‌ನಲ್ಲಿ ಬಿಟ್ರೆ ಬಿಸಿ ಏರಲ್ಲ. ಥ್ರಾಟಲ್ ಪೂರ್ತಿ ಒತ್ತಿದ್ರೆ ತಡೆಯೋರಿಲ್ಲದೆ ಕಿರುಚಿ ರಾಡ್ ಮುರೀಬಹುದು. ವಿಮಾನದ ಮೈದಾನದಲ್ಲಿ ಅರ್ಥ ಇದ್ದ ಸಲಹೆ ಕಾರಿನ ಟ್ರ್ಯಾಕ್‌ಗೆ ಬಂದು ಅನಾಥವಾಯ್ತು.

ಕಾರಿನ ಇಂಜಿನ್‌ಗಳು ಎಬಿಸಿ ಆದ ಮೇಲೆ ರೇಸರ್‌ಗಳು ನಿಧಾನವಾಗಿ ಪದ್ಧತಿಯನ್ನ ಮಗುಚಿ ಹಾಕಿದ್ರು: ಮೊದಲು ಬಿಸಿ ಮಾಡು, ಆಮೇಲೆ ಸ್ಟಾರ್ಟ್ ಮಾಡು. ನೈಟ್ರೋಮೀಥೇನ್ ಶೇಕಡಾವಾರು ಏರಿದ್ದೂ ಜೊತೆಗೇ. ಅದು ತನ್ನೊಳಗೇ ಆಕ್ಸಿಜನ್ ಹೊತ್ತು ತರುತ್ತೆ. 1 ಕಿಲೋ ಪೆಟ್ರೋಲ್ ಉರಿಯೋಕೆ 14.7 ಕಿಲೋ ಗಾಳಿ ಬೇಕು, ಮೆಥನಾಲ್‌ಗೆ 6.4, ನೈಟ್ರೋಮೀಥೇನ್‌ಗೆ ಬರೀ 1.7. ಅದಕ್ಕೇ ಅಷ್ಟು ಪುಟ್ಟ ಹೊಟ್ಟೆಗೆ ಅಷ್ಟು ಇಂಧನ ಹಿಡಿಸೋದು.

7/7

ಹಾಗಾದ್ರೆ ಬಿಗಿ ಇಂಜಿನ್ ಶುರು ಮಾಡೋದು ಹೇಗೆ? ನಿಮ್ಮ ಇಂಜಿನ್‌ನ ಮ್ಯಾನ್ಯುಯಲ್ ಏನಾದ್ರೂ ಬೇರೆ ಹೇಳಿದ್ರೆ ಅದೇ ಅಂತಿಮ. ಉಳಿದಂತೆ ಹೀಗೆ.

ಮೊದಲು ಗ್ಲೋ ಪ್ಲಗ್ ಬಿಚ್ಚಿ, ಎರಡು ಹನಿ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ. ಪ್ಲಗ್ ಇಲ್ಲದೇನೂ ಮೇಲೆ ಕಚ್ಚಿಕೊಂಡ್ರೆ ಅದು ಪಿಂಚ್, ಗಾಬರಿ ಬೇಡ. ಪ್ಲಗ್ ತೆಗೆದ ಕೂಡಲೇ ಸಲೀಸಾಗಿ ತಿರುಗಿದ್ರೆ ತಡೀತಿದ್ದದ್ದು ಕಂಪ್ರೆಷನ್, ಅಥವಾ ಒಳಗೆ ತುಂಬಿಕೊಂಡ ಇಂಧನ. ದ್ರವ ಕುಗ್ಗಲ್ಲ, ಅದರ ಮೇಲೆ ಬಲ ಹಾಕಿದ್ರೆ ರಾಡ್ ಬಾಗುತ್ತೆ. ಇಂಧನ ತುಂಬಿದ್ರೆ ಪ್ಲಗ್ ಇಲ್ಲದೇನೇ ತಿರುಗಿಸಿ ಹೊರಗೆ ಚೆಲ್ಲಿಸಿ.

ಆಮೇಲೆ ಟ್ಯಾಂಕ್‌ಗೆ ಇಂಧನ ಹಾಕೋ ಮುಂಚೆನೇ ಹೇರ್ ಡ್ರೈಯರ್ ಅಥವಾ ಹೀಟ್ ಗನ್‌ನಿಂದ ಹೆಡ್ಡನ್ನ ಕಾಯಿಸಿ, ಸುಮಾರು 80–90 ಡಿಗ್ರಿವರೆಗೆ. ಈಗ ತಿರುಗಿಸಿ ನೋಡಿ. ಹತ್ತು ನಿಮಿಷದ ಹಿಂದೆ ಜಪ್ಪಯ್ಯ ಅನ್ನದ ಇಂಜಿನ್ ಒಪ್ಪಿಕೊಳ್ಳುತ್ತೆ. ವಿಸ್ನೀವ್ಸ್ಕಿ ಲೆಕ್ಕ ಕೈಗೆ ಸಿಗೋ ಕ್ಷಣ ಅದು. ಡ್ರೈಯರ್ ಪಕ್ಕಕ್ಕಿಟ್ಟು ಇಂಧನ ಹಾಕಿ, ಕಾರ್ಬುರೇಟರ್ ಸೂಜಿ ಫ್ಯಾಕ್ಟರಿ ಇಟ್ಟ ರಿಚ್ ಜಾಗದಲ್ಲೇ ಇರ್ಲಿ, ಸ್ಟಾರ್ಟ್ ಮಾಡಿ. ಹಗ್ಗದ ಸ್ಟಾರ್ಟರ್ ಆದ್ರೆ ಗಿಡ್ಡ ಗಿಡ್ಡ ಎಳೆತ ಸಾಕು, ಪೂರ್ತಿ ಎಳೆದ್ರೆ ಹಗ್ಗ ಕಿತ್ತು ಕೈಗೆ ಬರುತ್ತೆ. ಇನ್ನೂ ಕಷ್ಟ ಆದ್ರೆ ಪ್ಲಗ್ಗನ್ನ ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟ್ ಮಾಡಿ ತಕ್ಷಣ ಬಿಗಿ ಮಾಡೋರೂ ಇದ್ದಾರೆ.

ಹತ್ತಿಕೊಂಡ ಮೇಲೆ ಡಬ್ಬದ ಮೇಲೆ ಬಿಡಬೇಡಿ, ನೆಲದ ಮೇಲೆ ಓಡಿಸಿ. ಮಿಶ್ರಣ ರಿಚ್ ಇರಲಿ, ಆದರೆ ಹೆಡ್ ಸುಮಾರು 95–105 ಡಿಗ್ರಿ ಹಿಡಿದಿರಲಿ. ಬಿಸಿ ನಿಲ್ಲದಿದ್ರೆ ಹೆಡ್‌ಗೆ ಒಂಚೂರು ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಎರಡು ಮೂರು ನಿಮಿಷ ಮೆಲ್ಲಗೆ ಥ್ರಾಟಲ್ ಏರಿಸಿ ಇಳಿಸಿ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲಿ, ಮತ್ತೆ ಕಾಯಿಸಿ ಶುರು. ಹೀಗೆ ಕೆಲವು ಟ್ಯಾಂಕ್, ಪ್ರತಿ ಸಲ ಸೂಜಿ ಒಂದು ಚೂರು ಲೀನ್ ಕಡೆಗೆ. ಈ ಹೊತ್ತಲ್ಲಿ ಹದ ಆಗ್ತಿರೋದು ಮುಖ್ಯವಾಗಿ ರಾಡ್‌ನ ಬುಶ್ ಮತ್ತು ಲೋಹದ ಮೈಮೇಲಿನ ಆ ಸಣ್ಣ ಗುಡ್ಡಗಳು. ಪಿಂಚ್ ಉಳೀಬೇಕು.

ಒಂದು ಗಂಭೀರ ಮಾತು. ಮೆಥನಾಲ್ ವಿಷ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತಿದ್ದು ಇದೇ ಮೆಥನಾಲ್‌ನಿಂದ. ಇಂಧನವನ್ನ ಯಾವತ್ತೂ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದು ಇಡಬೇಡಿ, ಮನೇಲಿ ತಮ್ಮ ತಂಗಿ ಇರ್ತಾರೆ. ಅದರ ಜ್ವಾಲೆ ಬಿಸಿಲಲ್ಲಿ ಕಣ್ಣಿಗೆ ಕಾಣೋದೂ ಇಲ್ಲ. ಕಾಯಿಸುವಾಗ ಇಂಧನದ ಡಬ್ಬ ದೂರ ಇರಲಿ, ಓಡಿಸೋದು ಬಯಲಲ್ಲೇ.

ಕೊನೆಗೆ ನಿಲ್ಲಿಸಿದ ಮೇಲೆ: ಇಂಜಿನ್ ಬಿಸಿ ಇರುವಾಗಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನ ಕೆಳಗಿನ ತುದಿಗೆ ತನ್ನಿ. ಮೇಲೆ ಬಿಟ್ರೆ ಆರುತ್ತಾ ಸ್ಲೀವ್ ಕುಗ್ಗಿ ಅದನ್ನ ಹಿಡ್ಕೊಳ್ಳುತ್ತೆ, ನಾಳೆ ಮತ್ತೆ ಪ್ಲೈಯರ್ ಸಲಹೆ ಕೊಡೋನು ಹಾಜರ್. ಪಿಸ್ಟನ್ ಕೆಳಗಿದ್ದಾಗ ಫ್ಲೈವೀಲ್ ಮೇಲೆ ಒಂದು ಮಾರ್ಕರ್ ಗೆರೆ ಎಳೆದಿಟ್ಟುಕೊಂಡ್ರೆ ಪ್ರತಿ ಸಲ ಪ್ಲಗ್ ಬಿಚ್ಚಿ ನೋಡೋ ಕೆಲಸ ಇರಲ್ಲ.